ದೋಮಿಯೆಯ ಬಾಡಿಗೆಮನೆ ಚಿತ್ರಗಳು: ಬರೀ ತಮಾಷೆಯೋ, ರಾಜಕೀಯವೋ?

ಅಚ್ಚುಮೊಳೆ:
ಫ್ರಾನ್ಸಿನ ವ್ಯಂಗ್ಯಚಿತ್ರಕಾರ ಒನೊರೆ ದೋಮಿಯೆ (1808–1879) ಅಂದರೆ ಎಲ್ಲರೂ ಎರಡು ಚಿತ್ರದ ಬಗ್ಗೆಯೇ ಮಾತಾಡುತ್ತಾರೆ. ಒಂದು, 1831ರ ‘ಗಾರ್ಗಾಂತುವಾ’. ದೊರೆ ಲೂಯಿ ಫಿಲಿಪ್ ಬಾಯಿ ತೆರೆದು ಕೂತಿದ್ದಾನೆ, ಬಡವರ ದುಡ್ಡಿನ ಬುಟ್ಟಿಗಳು ಹಲಗೆ ಹತ್ತಿ ಹೋಗಿ ಆ ಬಾಯಿಗೆ ಬೀಳುತ್ತಿವೆ. ಇದಕ್ಕೆ ಸಿಕ್ಕಿದ್ದು ಆರು ತಿಂಗಳ ಜೈಲು. ಇನ್ನೊಂದು, 1834ರ ‘ರ‍್ಯೂ ತ್ರಾನ್ಸ್‌ನೊನೆ’. ಆ ವರ್ಷದ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ದಂಗೆ ಎದ್ದಾಗ, ಈ ಬೀದಿಯ 12ನೇ ನಂಬರ್ ಮನೆಯಿಂದ ಗುಂಡು ಹಾರಿತೆಂದು ಸೈನಿಕರು ಒಳಗೆ ನುಗ್ಗಿ ನಿವಾಸಿಗಳನ್ನು ಕೊಂದರು. ದೋಮಿಯೆ ಬಿಡಿಸಿದ್ದು ಅದಾದ ಮೇಲಿನ ಮಲಗುವ ಕೋಣೆ. ಮಗುಚಿದ ಕುರ್ಚಿ, ಹಾಸಿಗೆಯಿಂದ ಜಾರಿಬಿದ್ದ ಗಂಡಸು, ಅವನ ಅಡಿಯಲ್ಲಿ ಕೂಸು.

1835ರ ಸೆಪ್ಟೆಂಬರ್‌ನಲ್ಲಿ ಹೊಸ ಪತ್ರಿಕಾ ಕಾನೂನು ಬಂತು. ಬರಹವನ್ನು ಮೊದಲು ಅಚ್ಚು ಹಾಕಿ ಆಮೇಲೆ ಕೇಸು ಎದುರಿಸಬಹುದಿತ್ತು. ಚಿತ್ರವನ್ನು ಮಾತ್ರ ಮುಂಚೆಯೇ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಅಲ್ಲಿಂದ ದೋಮಿಯೆ ‘ಲ ಶಾರಿವಾರಿ’ ದಿನಪತ್ರಿಕೆಗೆ ವಕೀಲರು, ಡಾಕ್ಟರುಗಳು, ಗಂಡ-ಹೆಂಡತಿ, ಮನೆ ಓನರು, ಬಾಡಿಗೆದಾರ ಎಂದು ದಿನನಿತ್ಯದ ವಿಷಯಗಳನ್ನು ಬಿಡಿಸತೊಡಗಿದ. ಹೀಗಾಗಿ ಆಮೇಲಿನ ದೋಮಿಯೆ ಹಲ್ಲು ಕಿತ್ತ ಹಾವು ಅನ್ನುವ ಮಾತು ಬಂತು.

ನನಗೆ ಇದು ಒಪ್ಪಿಗೆಯಿಲ್ಲ. ‘ಬಾಡಿಗೆದಾರರು ಮತ್ತು ಮಾಲೀಕರು’ ಅನ್ನುವ ಅವನ ಸರಣಿಯಲ್ಲಿ 1847ರ ಒಂದು ಚಿತ್ರ ಇದೆ. ಟೋಪಿ ಹಾಕಿಕೊಂಡು ಹಾಸಿಗೆಯಲ್ಲಿರುವ ಬಾಡಿಗೆದಾರನ ಮೇಲೆ ಸೂರು ಸೋರುತ್ತಿದೆ. ಅವನು ಕೊಡೆ ಬಿಚ್ಚಿಕೊಂಡು ಬೈಯುತ್ತಿದ್ದಾನೆ: ಈ ದರೋಡೆಕೋರ ಓನರು ರಿಪೇರಿ ಮಾಡಿಸುವುದೇ ಬಿಸಿಲು ಬಂದಾಗ! 1853ರ ಇನ್ನೊಂದರಲ್ಲಿ ಮುದುಕ ದಂಪತಿ ಬೀದಿಯಲ್ಲಿ ನಿಂತು, ಅರ್ಧ ಒಡೆದ ಕಟ್ಟಡವನ್ನು ನೋಡುತ್ತಿದ್ದಾರೆ. ಗಂಡ ಹೇಳುತ್ತಾನೆ: ನೋಡು ಅದೆಲೈದ್, ಅದೇ ನಮ್ಮ ಮದುವೆಯ ಕೋಣೆ, ಈ ಗಾರೆಯವರಿಗೆ ನೆನಪುಗಳ ಬಗ್ಗೆ ಗೌರವವೇ ಇಲ್ಲ.

ಮೂರು ಚಿತ್ರವನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡಿ. ಮೂರರಲ್ಲೂ ಮಲಗುವ ಕೋಣೆ. 1834ರಲ್ಲಿ ಒಳಗೆ ಬಂದದ್ದು ಬಂದೂಕು, 1847ರಲ್ಲಿ ಮಳೆ, 1853ರಲ್ಲಿ ಪಿಕಾಸಿ. ಬಾಗಿಲು ಹಾಕಿಕೊಂಡು ಮಲಗುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ಅವನು ಯಾವತ್ತೂ ಬಿಡಲಿಲ್ಲ, ಕೇಳುವ ರೀತಿ ಬದಲಾಯಿಸಿದ ಅಷ್ಟೇ. ನೀವೇನಂತೀರಿ?

ಬಾಡಿಗೆಮನೆ:
ಸರ್, ಹೆಸರಿಗೆ ತಕ್ಕ ಹಾಗೆ ಮೊದಲು ನಾನೇ ಬಂದೆ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ಖರ್ಚು ಹಿಡಿಸಿಕೊಂಡವನಿಗೆ ಆ ಕೊಡೆ ಚಿತ್ರ ವಿವರಿಸಬೇಕಾಗಿಲ್ಲ. ಒಂದು ಡೌಟು. ಆ ಕಾಲದ ಪ್ಯಾರಿಸ್‌ನಲ್ಲಿ ಎಷ್ಟು ಜನ ಬಾಡಿಗೆಗಿದ್ದರು? ಪತ್ರಿಕೆ ದಿನಾ ಇದನ್ನೇ ಅಚ್ಚು ಹಾಕುವಷ್ಟು ದೊಡ್ಡ ವಿಷಯವಾಗಿತ್ತಾ?

ಅಚ್ಚುಮೊಳೆ:
ಬಹುಪಾಲು ಊರೇ ಬಾಡಿಗೆಯದು. 1846ರ ಹೊತ್ತಿಗೆ ಪ್ಯಾರಿಸ್ ಜನಸಂಖ್ಯೆ 10 ಲಕ್ಷ ದಾಟಿತ್ತು. ಊರು ಆಗಿನ್ನೂ ಹಳೆ ಸುಂಕದ ಗೋಡೆಯೊಳಗೇ ಇತ್ತು. ಒಂದೊಂದು ಮನೆಗೆ ಐದಾರು ಅಂತಸ್ತು, ಇಡೀ ಕಟ್ಟಡಕ್ಕೆ ಒಬ್ಬ ಮಾಲೀಕ, ಒಳಗಿರುವವರೆಲ್ಲ ಬಾಡಿಗೆಯವರು. ಮಹಡಿಗಳನ್ನು ಬಿಡಿಬಿಡಿಯಾಗಿ ಕೊಳ್ಳುವುದು ಅಲ್ಲಿ ಸಾಮಾನ್ಯವಾಗಿದ್ದು 20ನೇ ಶತಮಾನದಲ್ಲಿ. ದೋಮಿಯೆ ಕೂಡ ಬಾಡಿಗೆಯವನೇ. 1846ರಿಂದ 1863ರವರೆಗೆ ಸೇನ್ ನದಿಯ ನಡುವಿನ ಸೇಂಟ್ ಲೂಯಿ ದ್ವೀಪದಲ್ಲಿ, ಕೆ ದಾಂಜೂ 9ನೇ ನಂಬರಿನಲ್ಲಿದ್ದ. ಅವನ ಚಿತ್ರಶಾಲೆ ಮೇಲಿನ ಅಟ್ಟದಲ್ಲಿ.

ಕಡಲತಡಿ:
ಎಲ್ಲ ಸರಿ ಮಾರಾಯ್ರೆ, ಆದರೆ ಟೊಪ್ಪಿ ನೋಡಿ ತತ್ವ ಕಟ್ಟಿದ ಹಾಗಾಯ್ತಲ್ಲ ಇದು? ಆ ಕಾಲದಲ್ಲಿ ಯುರೋಪಿನವರೆಲ್ಲ ಟೊಪ್ಪಿ ಹಾಕಿಯೇ ಮಲಗುತ್ತಿದ್ದರು. ಮನೆಯ ಚಿತ್ರ ಬರೆದ ಮೇಲೆ ಹಾಸಿಗೆ ಬಂದೇ ಬರ್ತದೆ.

ನನ್ನ ತಕರಾರು ಬೇರೆ. ಆ ಕೊಡೆಯವನು ಬಡವ ಅಲ್ಲ, ಬಾಡಿಗೆ ಕೊಟ್ಟು ಕೋಣೆ ಹಿಡಿದ ಮಧ್ಯಮ ವರ್ಗದವ. ಮದುವೆ ಕೋಣೆಯ ಮುದುಕರೂ ಅಷ್ಟೇ. ಅದೇ ಪ್ಯಾರಿಸಿನಲ್ಲಿ ರಾತ್ರಿಗಿಷ್ಟು ಎಂದು ಕಾಸು ಕೊಟ್ಟು ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗುವ ಕೂಲಿಯವರ ಲಾಡ್ಜುಗಳಿದ್ದವು. ಅವರು ಈ ಸರಣಿಯಲ್ಲಿ ಎಲ್ಲಿ? ಗಾರೆಯವನು ಬಂದದ್ದೂ ಬೈಸಿಕೊಳ್ಳಲಿಕ್ಕೆ. ಫ್ರೆಂಚಿನಲ್ಲಿ ಆ ಮುದುಕ ಹೇಳುವುದು ‘ಈ ಲಿಮೂಸೇನಿನವರು’ ಅಂತ. ಲಿಮೂಸೇನ್, ಕ್ರೂಜ್ ಕಡೆಯ ಹಳ್ಳಿಗಳಿಂದ ವರ್ಷಕ್ಕೆ ಕೆಲವು ತಿಂಗಳು ಪ್ಯಾರಿಸಿಗೆ ನಡೆದು ಬಂದು ಗಾರೆ ಕೆಲಸ ಮಾಡಿ ಹೋಗುವವರು ಅವರು. ಆ ಕೂಲಿ ಲಾಡ್ಜುಗಳಲ್ಲಿ ಮಲಗುತ್ತಿದ್ದವರು ಇವರೇ. ಮನೆ ಕಳಕೊಂಡ ಸೇಟುವಿನ ಕಣ್ಣೀರು ಕಾಣ್ತದೆ, ಒಡೆಯುವವನಿಗೆ ಮನೆ ಉಂಟಾ ಎಂದು ಕೇಳುವವರಿಲ್ಲ.

ಅಚ್ಚುಮೊಳೆ:
ಇದು ಒಳ್ಳೆಯ ಏಟು, ಒಪ್ಪಿದೆ. ಆದರೆ ಆ ಚಿತ್ರದಲ್ಲಿ ನಗು ಯಾರ ಮೇಲೆ? ನೆನಪಿಗೆ ಗೌರವ ಕೊಡಿ ಎಂದು ಗಾರೆಯವನಿಂದ ಬಯಸುವ ಮುದುಕನ ಮೇಲೂ ಅಲ್ಲವಾ? ಒಡೆಯಲು ಹೇಳಿದವರು ಯಾರು ಎಂದು ಆ ದಂಪತಿಗೆ ಹೊಳೆಯುವುದೇ ಇಲ್ಲ. 1853ರಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಮೂರನೇ ನೆಪೋಲಿಯನ್ ಕ್ಷಿಪ್ರಕ್ರಾಂತಿ ನಡೆಸಿ ಅಧಿಕಾರ ಹಿಡಿದ ಮೇಲೆ ಚಿತ್ರಗಳ ಸೆನ್ಸಾರ್ ಮತ್ತೆ ಬಂದಿತ್ತು.

ಪೇಢಾಪ್ರಿಯ:
ನಮಸ್ಕಾರ್ರೀ ಎಲ್ಲಾರ್ಗೂ. ಕಡಲತಡಿಯವ್ರು ಬಡವ್ರೆಲ್ಲಿ ಅಂತ ಕೇಳಿದ್ರಲ್ಲ, ಅದಕ್ಕ ದೋಮಿಯೆ ಬಿಟ್ಟು ಬರ್ತಾಲ್ ಅನ್ನಾಂವನ ಚಿತ್ರ ನೋಡ್ರಿ. ಕೆಲಸದಾಗ ದೋಮಿಯೆನಷ್ಟು ದೊಡ್ಡಾಂವಲ್ಲ, ಆದ್ರ ಈ ಒಂದ ಚಿತ್ರದಾಗ ಗೆದ್ದಾನ. ‘1845ರ ಜನವರಿ 1ರಂದು ಒಂದು ಪ್ಯಾರಿಸ್ ಮನೆಯ ಸೀಳುನೋಟ’ ಅಂತ ಹೆಸರು. ಗೋಡೆ ಅನ್ನೋದನ್ನ ಚಾಕುವಿನಿಂದ ಕೊಯ್ದು ತಗದಂಗ, ಎಲ್ಲಾ ಅಂತಸ್ತೂ ಒಮ್ಮೆಗೇ ಕಾಣ್ತಾವ.

ಕೆಳಗ ಬಾಗಿಲ ಕಾಯೋ ಕಾಂಸಿಯೆರ್ಜ್ ಮನೆ, ಅಡಿಗಿ ಮನಿ. ಒಂದನೇ ಮಾಳಿಗಿ ಮ್ಯಾಲೆ ಸಾಹುಕಾರ ಜೋಡಿ, ದೊಡ್ಡ ಕೋಣಿ, ದೊಡ್ಡ ಸೋಫಾ, ಮಾತಾಡಾಕ ಏನೂ ಇಲ್ಲದ ಆಕಳಸ್ಕೋತ ಕುಂತಾರ. ಎರಡನೇದ್ರಾಗ ಮಕ್ಕಳಿರೋ ಸಂಸಾರ, ಹೊಸ ವರ್ಷದ ಗದ್ದಲ. ಮೂರನೇದಕ್ಕ ಹತ್ತಿದ್ರ ಬಾಡಿಗಿ ಕೇಳಾಕ ಓನರ್ ಬಂದಾನ. ಸೂರಿನ ಕೆಳಗಿನ ಅಟ್ಟದಾಗ ತಿನ್ನಾಕಿಲ್ಲದ ಕುಟುಂಬ ಒಂದ್ಕಡೆ, ಕುಣಿಯೋ ಕಲಾವಿದ್ರು ಒಂದ್ಕಡೆ, ಮತ್ತೊಂದ್ಕಡೆ ಹಾಸಿಗ್ಯಾಗ ಕೊಡಿ ಹಿಡಕೊಂಡಾಂವ. ಹೌದ್ರಿ, ಅದೇ ಕೊಡಿ! ದೋಮಿಯೆಗಿಂತ ಮೊದಲ.

ಮ್ಯಾಲೆ ಹೋದಂಗೆಲ್ಲ ಬಾಡಿಗಿ ಇಳೀತಿತ್ತು. ಲಿಫ್ಟ್ ಇರ್ಲಿಲ್ಲ, ನಳ ಇರ್ಲಿಲ್ಲ, ನೀರು ಹೊರವ್ರು ಎರಡ ಬಕೆಟ್ ಹೊತ್ಕೊಂಡು ಮೆಟ್ಟಿಲು ಹತ್ತಬೇಕಿತ್ತು. ಆದ್ರ ಒಂದ ಮೆಟ್ಟಿಲು ನೋಡ್ರಿ! ಸಾಹುಕಾರನೂ ಹಸಿದಾಂವನೂ ಹೊರಗ ಹೋಗೋದು ಒಂದ ಬಾಗಲಾಗ.

ಸೇನ್‌ದಂಡೆ:
ಕೆಲಸಕ್ಕೆಂದು ಬಂದು ಪ್ಯಾರಿಸ್ ಪಕ್ಕದಲ್ಲೇ ಇದ್ದೇನೆ. ಪೇಢಾಪ್ರಿಯ ಸರ್ ಹೇಳಿದ ಅಟ್ಟದ ಕೋಣೆಗಳು ಇವತ್ತಿಗೂ ಇವೆ, ಮನೆಗೆಲಸದವರಿಗೆಂದು ಕಟ್ಟಿದವು. ಈಗ ವಿದ್ಯಾರ್ಥಿಗಳು ಇರುತ್ತಾರೆ. ಹಲವು ಕಡೆ ಹಿಂದಿನ ಬೇರೆ ಮೆಟ್ಟಿಲಿಂದ ಹತ್ತಬೇಕು, ಟಾಯ್ಲೆಟ್ ಕಾರಿಡಾರಿನ ಕೊನೆಯಲ್ಲಿ. 2002ರ ಒಂದು ಆದೇಶದ ಪ್ರಕಾರ ಬಾಡಿಗೆಗೆ ಕೊಡುವ ಮನೆಯಲ್ಲಿ ಮುಖ್ಯ ಕೋಣೆ 9 ಚದರ ಮೀಟರ್ ವಿಸ್ತೀರ್ಣ, 2.20 ಮೀಟರ್ ಎತ್ತರ ಇರಬೇಕು, ಇಲ್ಲವಾದರೆ 20 ಘನ ಮೀಟರ್ ಜಾಗವಾದರೂ ಬೇಕು. ಬಾಡಿಗೆಮನೆ ಅವರೇ, ಹೊಟ್ಟೆ ಉರಿಸಿಕೊಳ್ಳಿ: ಖಾಲಿ ಮನೆಗೆ ಇಲ್ಲಿ ಡೆಪಾಸಿಟ್ ಒಂದೇ ತಿಂಗಳದು. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದಲ್ಲಿ ಬಾಡಿಗೆದಾರರನ್ನು ಹೊರಗೆ ಹಾಕುವ ಹಾಗೂ ಇಲ್ಲ.

ಕಾಂಸಿಯೆರ್ಜ್ ಬಗ್ಗೆ ಒಂದು ಸೇರಿಸುತ್ತೇನೆ. ದೋಮಿಯೆ ಕಾಲದಲ್ಲಿ ರಾತ್ರಿ ಬೀದಿ ಬಾಗಿಲಿನ ಕೀಲಿಕೈ ಬಾಡಿಗೆಯವರ ಹತ್ತಿರ ಇರುತ್ತಿರಲಿಲ್ಲ. ಬೆಲ್ ಹೊಡೆದು ಕೂಗಬೇಕು, ಕಾಂಸಿಯೆರ್ಜ್ ಹಾಸಿಗೆಯಿಂದಲೇ ಒಂದು ಹಗ್ಗ ಎಳೆದು ಬಾಗಿಲು ತೆರೆಯುತ್ತಿದ್ದ. ಅವನ ಮುನಿಸು ಕಟ್ಟಿಕೊಂಡವರು ಮಳೆಯಲ್ಲಿ ನಿಂತೇ ಇರಬೇಕು. ಯಾರಿಗೆ ಕಾಗದ ಬಂತು, ಯಾರು ಎಷ್ಟು ಹೊತ್ತಿಗೆ ಬಂದರು, ಎಲ್ಲ ಅವನಿಗೆ ಗೊತ್ತು. ಮನೆ ಗೊತ್ತು ಮಾಡುವಾಗಲೇ ಅವನ ಕೈಗೆ ಇನಾಮು ಹಾಕುವ ಪದ್ಧತಿ ಇತ್ತು, ಅದಕ್ಕೆ ‘ದೇವರ ಕಾಸು’ ಎಂಬ ಹೆಸರು ಬೇರೆ!

ಕರಿಕೋಟು:
ವಕೀಲಿ ಮಾಡುವವನಾದ್ದರಿಂದ ನನ್ನ ಕಣ್ಣು ಕಾನೂನಿನ ಮೇಲೆ. ಈ ಚಿತ್ರಗಳಲ್ಲಿ ಮೇಜು, ಹಾಸಿಗೆ, ಗಡಿಯಾರ, ಕನ್ನಡಿ ಹೊತ್ತು ಓಡಾಡುವವರು ಪದೇಪದೇ ಬರುತ್ತಾರೆ. ಅದು ಸುಮ್ಮನೆ ಗಲಾಟೆಯ ದೃಶ್ಯ ಅಂದುಕೊಂಡರೆ ಅರ್ಧ ತಮಾಷೆ ತಪ್ಪಿಹೋಗುತ್ತದೆ.

1804ರ ಫ್ರೆಂಚ್ ಸಿವಿಲ್ ಸಂಹಿತೆಯ 1752ನೇ ಕಲಮು ಹೇಳುವುದು ಇಷ್ಟು: ಬಾಡಿಗೆ ಮನೆಯಲ್ಲಿ ಸಾಕಷ್ಟು ಸಾಮಾನು ಇಡದ ಬಾಡಿಗೆದಾರನನ್ನು, ಬೇರೆ ಜಾಮೀನು ಕೊಡದಿದ್ದರೆ, ಹೊರಗೆ ಹಾಕಬಹುದು. ಯಾಕೆಂದರೆ 2102ನೇ ಕಲಮಿನಡಿ ಬಾಕಿ ಬಾಡಿಗೆಗೆ ಆ ಸಾಮಾನಿನ ಮೇಲೆ ಮಾಲೀಕನಿಗೇ ಮೊದಲ ಹಕ್ಕು. ಅಂದರೆ ನಿಮ್ಮ ಮಂಚವೇ ನಿಮ್ಮ ಡೆಪಾಸಿಟ್. ಬಾಕಿ ಉಳಿಸಿಕೊಂಡವನು ಮಂಚ ಹೊತ್ತು ಹೊರಟರೆ ಮಾಲೀಕನ ಜಾಮೀನೇ ಮೆಟ್ಟಿಲಿಳಿದು ಹೋದಂತೆ. ಆದ್ದರಿಂದ ಕಾಂಸಿಯೆರ್ಜ್ ಬಾಗಿಲಲ್ಲಿ ಕೂತು ನೋಡುವುದು ಒಳಗೆ ಬರುವವರನ್ನಲ್ಲ, ಹೊರಗೆ ಹೋಗುವ ಸಾಮಾನನ್ನು. ರಾತ್ರೋರಾತ್ರಿ ಸದ್ದಿಲ್ಲದೆ ಮನೆ ಖಾಲಿ ಮಾಡುವುದಕ್ಕೆ ಪ್ಯಾರಿಸ್ಸಿಗರು ‘ಮರದ ಗಂಟೆ ಬಾರಿಸಿ ಹೊರಡುವುದು’ ಅನ್ನುತ್ತಿದ್ದರು.

ಬಾಡಿಗೆ ಕಂತು ಮೂರು ತಿಂಗಳಿಗೊಮ್ಮೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಸಣ್ಣ ಬಾಡಿಗೆಯವರು 8ನೇ ತಾರೀಖು, ದೊಡ್ಡ ಬಾಡಿಗೆಯವರು 15ನೇ ತಾರೀಖು ಮನೆ ಬಿಡಬೇಕು. ಹೀಗಾಗಿ ಊರಿಗೆ ಊರೇ ಒಂದೇ ದಿನ ಗಾಡಿಯ ಮೇಲೆ. ವ್ಯಂಗ್ಯಚಿತ್ರಕಾರನಿಗೆ ವರ್ಷಕ್ಕೆ ನಾಲ್ಕು ಸಲ ತಪ್ಪದೆ ಸುಗ್ಗಿ.

ದೋಮಿಯೆ ಬಗ್ಗೆ ಇನ್ನೊಂದು ಮಾತು. ಅಪ್ಪ ಮಾರ್ಸೆಯ ಗಾಜು ಕೂರಿಸುವ ಕೆಲಸದವನು, ಕವಿಯಾಗುವ ಹುಚ್ಚಿನಿಂದ ಪ್ಯಾರಿಸ್ ಸೇರಿದವನು. ಮನೆಯ ಬಡತನಕ್ಕೆ ಹುಡುಗ ಹನ್ನೆರಡು ಹದಿಮೂರರ ಪ್ರಾಯಕ್ಕೇ ಒಬ್ಬ ಕೋರ್ಟ್ ಅಮೀನನ ಕಚೇರಿಯಲ್ಲಿ ಓಡಾಡುವ ಕೆಲಸಕ್ಕೆ ಸೇರಿದ. ಜಪ್ತಿ ಮಾಡುವುದು, ಮನೆ ಖಾಲಿ ಮಾಡಿಸುವುದು ಇವೆಲ್ಲ ಅಮೀನನ ಕೆಲಸ. ಅವನ ಓನರುಗಳ ಮುಖ ಅಷ್ಟು ಖಚಿತವಾಗಿರುವುದು ಸುಮ್ಮನೆ ಅಲ್ಲ ಎಂದು ನನ್ನ ಅಂದಾಜು.

ಬಾಡಿಗೆಮನೆ:
‘ನಿಮ್ಮ ಮಂಚವೇ ನಿಮ್ಮ ಡೆಪಾಸಿಟ್’! ಕರಿಕೋಟು ಸರ್, ಇದನ್ನು ನಮ್ಮ ಓನರ್ ಆಂಟಿಗೆ ಮಾತ್ರ ಹೇಳಬೇಡಿ.

ಕಡಲತಡಿ:
ಕರಿಕೋಟಿನವರ ಮಾತು ಚಂದ ಉಂಟು. ಆದರೆ ಅಚ್ಚುಮೊಳೆಯವರಿಗೆ ಇನ್ನೊಂದು ಪ್ರಶ್ನೆ. ಚಿತ್ರದ ಕೆಳಗಿನ ಮಾತುಗಳನ್ನು ಬರೆದದ್ದು ದೋಮಿಯೆಯೇ ಅಲ್ಲವಲ್ಲ? ಹೆಚ್ಚಿನವು ಪತ್ರಿಕೆಯ ಬರಹಗಾರರು ಸೇರಿಸಿದ್ದು. ಹಾಗಿರುವಾಗ ‘ದರೋಡೆಕೋರ ಓನರು’ ಎಂಬ ಬೈಗುಳ ಯಾರ ಖಾತೆಗೆ? ಸಂಪಾದಕನ ಜೋಕನ್ನು ಕಲಾವಿದನ ರಾಜಕೀಯ ಅಂತ ಹೇಳಿದರೆ ಹೇಗೆ?

ಅಚ್ಚುಮೊಳೆ:
ಹೌದು, ಅಡಿಬರಹ ಬಹುಪಾಲು ಅವನದಲ್ಲ. ಹಾಗಾಗಿ ಅಡಿಬರಹ ಮುಚ್ಚಿ ನೋಡಿ ಅನ್ನುತ್ತೇನೆ. 1854ರ ಚಿತ್ರ ತೆಗೆದುಕೊಳ್ಳಿ, ಮಸ್ಯೂ ವೊತೂರ್‌ದು. ಬಾಡಿಗೆ ಕೇಳುವ ಓನರಿಗೆ ಪ್ಯಾರಿಸ್ಸಿಗರು ಇಟ್ಟ ಅಡ್ಡಹೆಸರು ಅದು, ರಣಹದ್ದು ಅಂತ. ಪಕ್ಕದಲ್ಲಿ ಮನೆ ಒಡೆಯುತ್ತಿದ್ದಾರೆ, ಅವನು ನಿಂತು ನೋಡುತ್ತಿದ್ದಾನೆ. ಅಡಿಬರಹ: ಭೇಷ್, ಇನ್ನೊಂದು ಮನೆ ಉರುಳಿತು, ನನ್ನ ಬಾಡಿಗೆದಾರರಿಗೆಲ್ಲ ಇನ್ನೂರು ಫ್ರಾಂಕ್ ಏರಿಸುತ್ತೇನೆ!

ಈ ಮಾತು ತೆಗೆದುಬಿಟ್ಟರೂ ಆ ಹೊಟ್ಟೆ, ಆ ನಿಲುವು, ಮುಖದಲ್ಲಿ ಆ ತೃಪ್ತಿ ಎಲ್ಲಿಗೂ ಹೋಗುವುದಿಲ್ಲ. ಮನೆ ಬೀಳುವಾಗ ಅಷ್ಟು ಸುಖವಾಗಿ ನಿಲ್ಲಲು ಯಾರಿಗೆ ಸಾಧ್ಯ? ಅಡಿಬರಹದವನು ಅದಕ್ಕೆ ಕೊಟ್ಟಿದ್ದು ಲೆಕ್ಕ ಮಾತ್ರ. ಆ ಲೆಕ್ಕ ಸರಿಯಾಗಿಯೂ ಇದೆ. ಓಸ್ಮಾನ್ 1853ರ ಜೂನ್ ಕೊನೆಗೆ ಸೇನ್ ಜಿಲ್ಲೆಯ ಪ್ರಿಫೆಕ್ಟ್, ಅಂದರೆ ಜಿಲ್ಲಾಧಿಕಾರಿ, ಆಗಿ ಬಂದ. 1870ರ ಜನವರಿಯಲ್ಲಿ ವಜಾ ಆಗುವವರೆಗೂ ಅಗಲ ರಸ್ತೆ, ಒಳಚರಂಡಿ, ಪಾರ್ಕು ಎಂದು ಹಳೆ ಕೇರಿಗಳನ್ನು ಒಡೆಸುತ್ತ ಹೋದ. ಒಡೆದ ಮನೆಯ ಮಾಲೀಕನಿಗೆ ಪರಿಹಾರ ಸಿಕ್ಕಿತು. ಬಾಡಿಗೆದಾರ ಉಳಿದ ಮನೆಗಳಿಗೆ ಮುಗಿಬಿದ್ದ, ಅಲ್ಲಿ ಬಾಡಿಗೆ ಏರಿತು. ಮೊದಲು ಒಂದೇ ಮೆಟ್ಟಿಲು ಹತ್ತುತ್ತಿದ್ದ ಬಡವ ಊರಂಚಿಗೆ ಹೋದ. 1860ರಲ್ಲಿ ಆ ಅಂಚನ್ನೂ ಊರಿಗೇ ಸೇರಿಸಿಕೊಂಡರು, 12 ವಾರ್ಡು 20 ಆಯಿತು, ಜನಸಂಖ್ಯೆ ಸುಮಾರು 17 ಲಕ್ಷಕ್ಕೆ ಹೋಯಿತು. ಪೇಢಾಪ್ರಿಯ ಅವರ ಬರ್ತಾಲ್ ಚಿತ್ರದ ಅಟ್ಟದವರು ಎಲ್ಲಿ ಹೋದರು ಅನ್ನುವುದಕ್ಕೆ ಉತ್ತರ ಅಲ್ಲಿದೆ.

ಅಂದಹಾಗೆ ರ‍್ಯೂ ತ್ರಾನ್ಸ್‌ನೊನೆ ಎಂಬ ಹೆಸರೇ ಈಗ ಇಲ್ಲ. 1851ರಲ್ಲಿ ಅದನ್ನು ರ‍್ಯೂ ಬೋಬೂರ್‌ಗೆ ಸೇರಿಸಿಬಿಟ್ಟರು. ಪೊಲೀಸರು ಚಿತ್ರ ಬಿಡಿಸಿದ ಅಚ್ಚುಕಲ್ಲನ್ನು ವಶಕ್ಕೆ ತೆಗೆದುಕೊಂಡರು, ಪುರಸಭೆಯವರು ಬೀದಿಯ ಹೆಸರನ್ನು.

ಪೇಢಾಪ್ರಿಯ:
ಕಿಟಕಿ ತೆರಿಗೆ ಬಗ್ಗೆ ಯಾರೂ ಹೇಳ್ಲಿಲ್ಲಲ್ರಿ? 1798ರಿಂದ 1926ರ ತನಕ ಫ್ರಾನ್ಸಿನಾಗ ಬಾಗಲಾ, ಕಿಟಕಿ ಎಣಿಸಿ ತೆರಿಗಿ ಹಾಕ್ತಿದ್ರು. ಬೆಳಕು ಗಾಳಿಗೂ ಲೆಕ್ಕ ಬಂತಂದ್ರ ಓನರ್ ಏನ್ ಮಾಡ್ತಾನ? ಕಿಟಕಿ ಮುಚ್ಚತಾನ. ಮತ್ತ ಆ ಕೋಣಿಗೂ ಬಾಡಿಗಿ ತಗೋತಾನ.

ಸೇನ್‌ದಂಡೆ:
ದೋಮಿಯೆಯ ಸ್ವಂತ ಓನರಿನ ಕತೆ ಗೊತ್ತಾ? ಮುಪ್ಪಿನಲ್ಲಿ ಕಣ್ಣು ಮಂಜಾಗಿ, ವಾಲ್ಮೊಂದ್ವಾ ಎಂಬ ಹಳ್ಳಿಯಲ್ಲಿ ಬಾಡಿಗೆ ಕಟ್ಟಲಾಗದೆ ಇದ್ದಾಗ ಗೆಳೆಯ, ನಿಸರ್ಗ ಚಿತ್ರಕಾರ ಕೊರೊ ಆ ಮನೆಯನ್ನೇ ಕೊಂಡು ಅವನಿಗೆ ಕೊಟ್ಟನಂತೆ. ‘ಇದು ನಿನಗೋಸ್ಕರ ಅಲ್ಲ, ನಿನ್ನ ಓನರಿಗೆ ಉರಿಯಲಿ ಅಂತ’ ಎಂದು ಬರೆದನಂತೆ. ಈ ಕಡೆ ದೋಮಿಯೆ ಬಗ್ಗೆ ಮಾತು ಬಂದರೆ ಇದನ್ನು ಹೇಳದೆ ಬಿಡುವವರಿಲ್ಲ.

ಕರಿಕೋಟು:
ಎರಡು ‘ಅಂತೆ’ ಇರುವ ಸಾಕ್ಷ್ಯವನ್ನು ನಾನು ಕೋರ್ಟಿಗೆ ತರುವುದಿಲ್ಲ. ಆದರೆ ಜನ ಅವನ ಬಗ್ಗೆ ಹೇಳಲು ಓನರಿನ ಕತೆಯನ್ನೇ ಆರಿಸಿಕೊಂಡರಲ್ಲ, ಅದು ಮಜವಾಗಿದೆ. ವಾಲ್ಮೊಂದ್ವಾದಲ್ಲೇ 1879ರಲ್ಲಿ ತೀರಿಕೊಂಡದ್ದಂತೂ ದಾಖಲೆಯಲ್ಲಿದೆ.

ರಾಜಕೀಯವೋ ಅಲ್ಲವೋ ಅನ್ನುವುದಕ್ಕೆ ನನ್ನ ಕಡೆಯಿಂದ ಒಂದು ದಾಖಲೆ. ಪ್ರಷ್ಯದ ಮುತ್ತಿಗೆಯಲ್ಲಿ ಪ್ಯಾರಿಸ್ ಕೆಲಸ ಕಳೆದುಕೊಂಡಿತ್ತು, ಬಾಡಿಗೆ ಬಾಕಿ ಬೆಳೆದಿತ್ತು. 1871ರ ಮಾರ್ಚ್ 29ರಂದು ಪ್ಯಾರಿಸ್ ಕಮ್ಯೂನ್, ಅಂದರೆ ಆಗ ಊರನ್ನು ಕೈಗೆ ತೆಗೆದುಕೊಂಡಿದ್ದ ಬಂಡಾಯ ಸರ್ಕಾರ, ಹೊರಡಿಸಿದ ಆರಂಭದ ಆದೇಶಗಳಲ್ಲೇ ಒಂದು ಬಾಡಿಗೆಯದು. 1870ರ ಅಕ್ಟೋಬರ್, 1871ರ ಜನವರಿ ಮತ್ತು ಏಪ್ರಿಲ್, ಈ ಮೂರು ಕಂತು ಪೂರ್ತಿ ಮನ್ನಾ. ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ನಕ್ಕ ವಿಷಯ ಸರ್ಕಾರಿ ಆದೇಶವಾಗಿ ಬಂತು. ಕಮ್ಯೂನ್ ಕಾಲದ ಕಲಾವಿದರ ಒಕ್ಕೂಟದಲ್ಲಿ ದೋಮಿಯೆಯ ಹೆಸರೂ ಇದೆ.

ಕಡಲತಡಿ:
ಅದು ಹಸಿವು, ಯುದ್ಧ ಮಾಡಿಸಿದ ಕೆಲಸ ಮಾರಾಯ್ರೆ, ವ್ಯಂಗ್ಯಚಿತ್ರ ಮಾಡಿಸಿದ್ದಲ್ಲ. ಚಂದಾ ಕಟ್ಟಿ ‘ಶಾರಿವಾರಿ’ ತರಿಸುವಷ್ಟು ಕಾಸು ಇದ್ದವರೆಷ್ಟು? ಆ ಚಂದಾದಾರರಲ್ಲಿ ಓನರುಗಳೂ ಇದ್ದೇ ಇರ್ತಾರೆ. ಬೆಳಿಗ್ಗೆ ಕಾಫಿ ಕುಡಿಯುತ್ತ ವೊತೂರ್ ಚಿತ್ರ ನೋಡಿ ನಕ್ಕು, ಮಧ್ಯಾಹ್ನ ಬಾಡಿಗೆ ಏರಿಸಿರ್ತಾರೆ.

ಅಚ್ಚುಮೊಳೆ:
ಚಂದಾದಾರರು ಕಡಿಮೆ, ನೋಡುವವರು ಕಡಿಮೆ ಇರಲಿಲ್ಲ. ಕಾಫಿ ಅಂಗಡಿಗಳಲ್ಲಿ, ಕಾಸು ಕೊಟ್ಟು ಓದುವ ವಾಚನಾಲಯಗಳಲ್ಲಿ ಪತ್ರಿಕೆ ಇರುತ್ತಿತ್ತು. ಪ್ರಕಾಶಕ ಒಬೇರ್ 1830ರ ದಶಕದಲ್ಲಿ ಗಲೆರಿ ವೆರೊ-ದೊದಾ ಎಂಬ ಮುಚ್ಚುಬೀದಿಯಲ್ಲಿದ್ದ ತನ್ನ ಅಂಗಡಿಯ ಗಾಜಿನ ಹಿಂದೆ ಹೊಸ ಚಿತ್ರಗಳನ್ನು ತೂಗುಹಾಕುತ್ತಿದ್ದ, ಅದರ ಮುಂದೆ ಬಿಟ್ಟಿಯಾಗಿ ನಿಂತು ನಗುವವರ ಗುಂಪು. ಓನರ್ ನಕ್ಕು ಬಾಡಿಗೆ ಏರಿಸಿದ ಅನ್ನುವುದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಗಾಜಿನ ಮುಂದೆ ಬಾಡಿಗೆದಾರನೂ ನಿಂತಿದ್ದ, ಮುಂದಿನ 8ನೇ ತಾರೀಖು ಮೆಟ್ಟಿಲ ಮೇಲೆ ಓನರಿನ ಮುಖ ಕಂಡಾಗ ಅವನಿಗೆ ಏನು ನೆನಪಾಗಿರಬೇಕು?

ಕಡಲತಡಿ:
ಅದು ನಿಮ್ಮ ಕಲ್ಪನೆ. ಚಂದ ಉಂಟು, ಒಪ್ಪುವುದಿಲ್ಲ.

ಬಾಡಿಗೆಮನೆ:
ನಿಮ್ಮ ಜಗಳ ಮುಗಿಯುವ ಹಾಗಿಲ್ಲ, ನನ್ನ ಕೆಲಸದ ಪ್ರಶ್ನೆ ಕೇಳಿಬಿಡುತ್ತೇನೆ. ಇವನ್ನೆಲ್ಲ ದೊಡ್ಡದಾಗಿ ನೋಡುವುದು ಎಲ್ಲಿ? ಒಂದು ಅಸಲಿ ಕೊಂಡು ಗೋಡೆಗೆ ಹಾಕುವ ಆಸೆಯೂ ಇದೆ, ಅದಕ್ಕೆ ಮೊಳೆ ಹೊಡೆಯಲು ಆಂಟಿ ಬಿಟ್ಟರೆ.

ಸೇನ್‌ದಂಡೆ:
ನೋಡಲು ಮನೆಯಲ್ಲೇ ಕೂತರೆ ಸಾಕು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ತಾಣದಲ್ಲಿ ‘ಶಾರಿವಾರಿ’ಯ ಸಂಪುಟಗಳೇ ಇವೆ. ಕಾರ್ನಾವಾಲೆ ಮ್ಯೂಸಿಯಂ ಪ್ಯಾರಿಸ್ ಊರಿನ ಇತಿಹಾಸದ್ದು, ಅದರ ಚಿತ್ರಗಳೂ ಆನ್‌ಲೈನ್‌ನಲ್ಲಿ ಉಚಿತ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲೂ ದೊಡ್ಡ ಸಂಗ್ರಹವಿದೆ.

ಅಚ್ಚುಮೊಳೆ:
ಕೊಳ್ಳುವುದಾದರೆ ಹಾಳೆ ತಿರುಗಿಸಿ ನೋಡಿ. ದೋಮಿಯೆ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಬಳಪದಿಂದ ಬಿಡಿಸಿದ ಸುಮಾರು 4,000 ಕಲ್ಲಚ್ಚುಗಳಿವೆ, ಹೆಚ್ಚಿನವು ದಿನಪತ್ರಿಕೆಯ ತೆಳು ಕಾಗದದಲ್ಲೇ ಅಚ್ಚಾದವು. ಹಿಂಬದಿಯಲ್ಲಿ ಸುದ್ದಿಯ ಅಕ್ಷರ ಇದ್ದರೆ ಅದು ಪತ್ರಿಕೆಯ ಪ್ರತಿ. ಹಿಂಬದಿ ಖಾಲಿ ಇದ್ದು ಕಾಗದ ದಪ್ಪ ಇದ್ದರೆ ಸಂಗ್ರಹಕಾರರಿಗೆಂದು ಬೇರೆಯಾಗಿ ತೆಗೆದದ್ದು, ಬೆಲೆ ಹೆಚ್ಚು. ಪ್ರತಿ ಚಿತ್ರಕ್ಕೂ ದೆಲ್ತೇಯ್ ಎಂಬವರು ಕೊಟ್ಟ ಕ್ರಮಸಂಖ್ಯೆ ಇರುತ್ತದೆ, ಮಾರುವವರ ಹತ್ತಿರ ಅದನ್ನು ಕೇಳಿ, ಆನ್‌ಲೈನ್ ಸಂಗ್ರಹದ ಪ್ರತಿಯ ಜತೆ ಗೆರೆಗೆರೆ ಹೋಲಿಸಿ. ನನ್ನನ್ನು ಕೇಳಿದರೆ ಪತ್ರಿಕೆಯ ಪ್ರತಿಯೇ ವಾಸಿ, ಹಿಂದಿನ ಅಕ್ಷರ ಮುಂದಕ್ಕೆ ಸ್ವಲ್ಪ ಇಣುಕಿದರೂ ಪರವಾಗಿಲ್ಲ. ಆ ದಿನ ಕಾಫಿ ಅಂಗಡಿಯಲ್ಲಿ ಕೈಯಿಂದ ಕೈಗೆ ಹೋದದ್ದು ಅಂಥದೇ ಹಾಳೆ.